ಮೋಟಾರಿನ ಮುಖ

'ಗ್ರಿಲ್' ಎಂದೊಡನೆ ಕನ್ನಡಿಗರ ಮನಸ್ಸಿಗೆ ಮನೆಯ ಕಿಟಕಿ ಬರುತ್ತದೆಯೇ ಹೊರತು ಮೋಟಾರು ಬರುವುದಿಲ್ಲ. ಮೂಲದಲ್ಲಿ ಈ ಮಾತು ಲ್ಯಾಟಿನ್ ಭಾಷೆಯದು. ಕಡ್ಡಿಗಳನ್ನು ಹೆಣೆದು ಮಾಡಿದ ಸಣ್ಣ ತಟ್ಟಿ ಎಂದು ಅದರ ಅರ್ಥ. ನಮ್ಮ ಹಳ್ಳಿಗಳಲ್ಲಿ ಕೊಟ್ಟಿಗೆಯ ಬಾಗಿಲಿಗೆ ಇಡುತ್ತಿದ್ದ ಬಿದಿರಿನ ತಟ್ಟಿಗೂ, ಲಕ್ಷಗಟ್ಟಲೆ ಬೆಲೆಯ ವಿಲಾಯಿತಿ ಕಾರಿನ ಮೂತಿಯಲ್ಲಿ ಥಳಥಳಿಸುವ ಜಾಲರಿಗೂ ಹೀಗೆ ದೂರದ ನಂಟುಂಟು. ಒಳಗೆ ಬರಬೇಕಾದದ್ದನ್ನು ಬಿಡುವುದು, ಬರಬಾರದ್ದನ್ನು ತಡೆಯುವುದು: ಎರಡರ ಧರ್ಮವೂ ಇಷ್ಟೇ.

ಬೆಂಗಳೂರಿನಿಂದ ಬಂದ ಹಳೆಯ ಹೆದ್ದಾರಿ ತುಮಕೂರು ನಗರವನ್ನು ಹಾದು, ಶಿರಾ ಗೇಟ್ ದಾಟಿ, ಶಿರಾ, ಹಿರಿಯೂರು, ಚಿತ್ರದುರ್ಗಗಳ ಕಡೆಗೆ ಹೊರಡುತ್ತದೆ. ಇಂಥ ದಾರಿಯ ಅಂಚಿನ ವೆಲ್ಡಿಂಗ್ ಶೆಡ್ಡಿನಲ್ಲಿ ದಿನವಿಡೀ ನಡೆಯುವುದು ಕಿಟಕಿ, ಗೇಟು, ಟ್ರಾಲಿಗಳ ಕೆಲಸ. ಅಲ್ಲಿಗೆ ಒಬ್ಬ ರಸಿಕರು ತಮ್ಮ ಹಳೆಯ ಎಂ.ಜಿ.ಬಿ. ಕಾರನ್ನು ತಂದು ನಿಲ್ಲಿಸಿದರೆನ್ನೋಣ.

"ಮೇಸ್ತ್ರಿ, ಇದಕ್ಕೊಂದು ಗ್ರಿಲ್ ಮಾಡಿಕೊಡಬೇಕಲ್ಲ."

"ಮಾಡೋಣ ಸ್ವಾಮಿ. ಅಳತೆ ತಂದಿದ್ದೀರಾ? ಡಿಸೈನು ಯಾವುದು?"

ಮೇಸ್ತ್ರಿಯ ಈ ಎರಡು ಪ್ರಶ್ನೆಗಳಲ್ಲಿ ಸಮಸ್ತ ವಿಷಯವೂ ಅಡಗಿದೆ. ಅಳತೆ ಯಂತ್ರಕ್ಕೆ ಸೇರಿದ್ದು. ಡಿಸೈನು ಮುಖಕ್ಕೆ ಸೇರಿದ್ದು. ಮೊದಲನೆಯದು ತಪ್ಪಿದರೆ ಎಂಜಿನ್ ಕುದಿಯುತ್ತದೆ, ಎರಡನೆಯದು ತಪ್ಪಿದರೆ ಕಾರು ತನ್ನ ಹೆಸರನ್ನೇ ಕಳೆದುಕೊಳ್ಳುತ್ತದೆ.

ಹೆಸರಿನ ಮಾತನ್ನು ಮೊದಲು ನೋಡೋಣ. ಎಂ.ಜಿ. ಎಂದರೆ ಮಾರಿಸ್ ಗ್ಯಾರೇಜಸ್. ಆಕ್ಸ್‌ಫರ್ಡಿನ ಒಂದು ಮೋಟಾರು ಮಳಿಗೆಯಿಂದ ಹುಟ್ಟಿದ ಹೆಸರು. ಅದರ ಲಾಂಛನ ಅಷ್ಟಕೋನ. 1945ರಿಂದ 1949ರವರೆಗೆ ತಯಾರಾದ ಟಿ.ಸಿ. ಮಾದರಿಯಲ್ಲಿ ರೇಡಿಯೇಟರು ನೆಟ್ಟಗೆ ನಿಂತು, ಮುಂದಿನ ಜಾಲರಿ ನಿಜವಾಗಿಯೂ ಅದರ ಹೊದಿಕೆಯೇ ಆಗಿತ್ತು. 1953ರಲ್ಲಿ ಬಂದ ಟಿ.ಎಫ್. ಮಾದರಿಯಲ್ಲಾದರೋ ಮೇಲಿದ್ದ ನೀರಿನ ಮುಚ್ಚಳ ಬರಿಯ ತೋರಿಕೆಯದು; ತಿರುಗಿಸಿದರೆ ನೀರೂ ಇಲ್ಲ, ಹಬೆಯೂ ಇಲ್ಲ. ಉಪಯೋಗ ಕಳಚಿಬಿದ್ದ ಮೇಲೂ ಆಕಾರ ಉಳಿದುಕೊಂಡಿತು. ನಮ್ಮ ಮನೆಗಳಲ್ಲಿ ಬಂದೂಕಿಲ್ಲದಿದ್ದರೂ ಕೋವಿಯ ಗೂಟ ಉಳಿದಂತೆ ಎನ್ನಬಹುದು.

1962ರಲ್ಲಿ ಬಂದ ಎಂ.ಜಿ.ಬಿ.ಯ ಮುಖ ಅಗಲವಾಯಿತು. ಕ್ರೋಮಿಯಂ ಚೌಕಟ್ಟು, ಅದರೊಳಗೆ ನೆಟ್ಟಗೆ ನಿಂತ ತೆಳು ಪಟ್ಟಿಗಳು, ನಡುವೆ ಅಷ್ಟಕೋನದ ಲಾಂಛನ: ನೋಡಿದವರು ಮರೆಯಲಾಗದ ನಗು ಅದು. 1969ರ ಕೊನೆಯಲ್ಲಿ, ಒಡೆತನ ಬ್ರಿಟಿಷ್ ಲೇಲ್ಯಾಂಡಿನ ಕೈಗೆ ಬಂದ ಮೇಲೆ, ಆ ನಗುವನ್ನು ಕಿತ್ತು ಒಳಕ್ಕೆ ಸರಿಸಿದ ಕಪ್ಪು ಜಾಲರಿಯನ್ನು ಕೂರಿಸಿದರು. ಅಭಿಮಾನಿಗಳು ಹಲ್ಲು ಬಿದ್ದ ಬಾಯಿಯನ್ನು ಕಂಡಂತೆ ನೊಂದರು. ಕೆಲವು ವರ್ಷಗಳಲ್ಲೇ ಕ್ರೋಮಿಯಂ ಚೌಕಟ್ಟು ಮರಳಿತು. ಒಳಗೆ ಮಾತ್ರ ಪಟ್ಟಿಗಳ ಬದಲು ಜೇನುಹುಟ್ಟಿನಂಥ ಕಪ್ಪು ಬಲೆ. 1974ರಲ್ಲಿ ಅಮೆರಿಕದ ಅಪಘಾತ ನಿಯಮಗಳಿಗೆ ಮಣಿದು ಇಡೀ ಮುಂಭಾಗಕ್ಕೆ ರಬ್ಬರಿನಂಥ ದಪ್ಪ ಬಂಪರು ತೊಡಿಸಿದಾಗ ಗ್ರಿಲ್ಲೆಂಬುದೇ ಅದರೊಳಗೆ ಲೀನವಾಯಿತು. 1980ರಲ್ಲಿ ತಯಾರಿಕೆ ನಿಲ್ಲುವ ಹೊತ್ತಿಗೆ ಐದು ಲಕ್ಷಕ್ಕೂ ಮಿಕ್ಕಿ ಕಾರುಗಳು ಹೊರಬಂದಿದ್ದವು. ಇವತ್ತಿಗೂ ಎಂ.ಜಿ.ಬಿ. ಒಡೆಯರು ಹೊಸ ಗ್ರಿಲ್ಲಿಗಾಗಿ ಪಡುವ ಪಾಡಿನ ಬಹುಭಾಗ ಇಲ್ಲಿಂದಲೇ ಹುಟ್ಟಿದ್ದು: ಕಾರ್ಖಾನೆ ಕಿತ್ತುಕೊಂಡ ಮುಖವನ್ನು ಮರಳಿ ಪಡೆಯುವ ಹಂಬಲ.

ಇದು ಎಂ.ಜಿ.ಯೊಂದರ ಕಥೆಯಲ್ಲ. ಟ್ರಯಂಫ್ ಟಿ.ಆರ್.2 ಕಾರಿನ ಬಾಯಿ ಬರಿದಾಗಿ ತೆರೆದಿತ್ತು. ಜಾಲರಿ ಗಂಟಲಿನಲ್ಲೆಲ್ಲೋ ಇತ್ತು. 1955ರ ಟಿ.ಆರ್.3ರಲ್ಲಿ ಅದು ತುಟಿಯವರೆಗೆ ಬಂತು. 1957ರ ಮಾದರಿಯಲ್ಲಿ ಮುಖದ ಅಗಲಕ್ಕೂ ಹರಡಿತು. ಆಸ್ಟಿನ್ ಹೀಲಿಯಲ್ಲಿ ಮೊದಲು ಬೀಸಣಿಗೆಯಂಥ ಜಾಲರಿ, ಆಮೇಲೆ ಅಲೆಯಲೆಯಾದ ಅಡ್ಡ ಪಟ್ಟಿ, ಅನಂತರ ನೆಟ್ಟನೆಯ ಪಟ್ಟಿ. 1961ರ ಜಾಗ್ವಾರ್ ಇ-ಟೈಪಿಗೆ ಸಣ್ಣ ಅಂಡಾಕೃತಿಯ ಬಾಯಿ, ನಡುವೆ ಒಂದೇ ಅಡ್ಡಪಟ್ಟಿ. ಅದಕ್ಕಿಂತ ಚೆಲುವಾದ ಮುಖ ಮೋಟಾರು ಚರಿತ್ರೆಯಲ್ಲಿಲ್ಲವೆಂಬುದು ನನ್ನ ಮತ. ಆದರೆ ಆ ಪುಟ್ಟ ಬಾಯಿಯಿಂದ ಎಂಜಿನ್ನಿಗೆ ಸಾಕಷ್ಟು ಉಸಿರಾಡಲಾಗಲಿಲ್ಲ. 1968ರ ಎರಡನೆಯ ಮಾಲಿಕೆಯಲ್ಲಿ ಬಾಯನ್ನು ದೊಡ್ಡದು ಮಾಡಬೇಕಾಯಿತು. ಚೆಲುವು ತಾಪಕ್ಕೆ ತಲೆಬಾಗಿತು.

ನಮ್ಮ ದೇಶದಲ್ಲಿಯೂ ಗ್ರಿಲ್ಲಿನಿಂದ ಕಾರಿನ ವಯಸ್ಸನ್ನು ಹೇಳುವ ವಿದ್ಯೆ ಒಂದು ಕಾಲಕ್ಕೆ ಶಾಲೆಯ ಹುಡುಗರಿಗೂ ಕರಗತವಾಗಿತ್ತು. 1957ರಿಂದ 2014ರವರೆಗೆ ಬಾಳಿದ ಅಂಬಾಸಿಡರಿನ 'ಮಾರ್ಕ್'ಗಳನ್ನು ಮೂತಿ ನೋಡಿಯೇ ಗುರುತಿಸುತ್ತಿದ್ದರು. ಮಿಕ್ಕ ದೇಹ ಅಷ್ಟೇನೂ ಬದಲಾಗುತ್ತಿರಲಿಲ್ಲ. ಮದರಾಸಿನಲ್ಲಿ 1961ರಿಂದ ತಯಾರಾದ ಸ್ಟಾಂಡರ್ಡ್ ಹೆರಾಲ್ಡ್ ಇನ್ನೂ ಸ್ವಾರಸ್ಯದ್ದು. ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡಿನ ಚಾಸಿಯನ್ನು ಗಿಡ್ಡ ಮಾಡಿ, ಅದೇ ಇಟಲಿಯ ವಿನ್ಯಾಸಕಾರ ಮಿಕೆಲಾಟ್ಟಿಯಿಂದ ಮೈ ತೊಡಿಸಿ, 1962ರಲ್ಲಿ ಸ್ಪಿಟ್‌ಫೈರ್ ಎಂಬ ಕ್ರೀಡಾ ಕಾರನ್ನು ಮಾಡಿದರು. ನಮ್ಮ ಮೇಷ್ಟರೂ ಡಾಕ್ಟರೂ ಓಡಿಸುತ್ತಿದ್ದ ಸಾಧು ಹೆರಾಲ್ಡು ಹೀಗೆ ಒಬ್ಬ ಪಂದ್ಯಾಳುವಿನ ಒಡಹುಟ್ಟು. ಬೆಂಗಳೂರಿನಲ್ಲಿಯೇ 1982ರಿಂದ ಸಿಪಾನಿ ಸಂಸ್ಥೆ ತಯಾರಿಸಿದ ಡಾಲ್ಫಿನ್ ಕೂಡ ಬ್ರಿಟನ್ನಿನ ರಿಲಯಂಟ್ ಕಂಪೆನಿಯ ಕಿಟನ್ ಕಾರಿನ ಅಚ್ಚು. ಮೈಯೆಲ್ಲ ಗಾಜಿನ ನಾರು.

ಇನ್ನು ಮೇಸ್ತ್ರಿಯ ಮೊದಲ ಪ್ರಶ್ನೆ. ಜಾಲರಿಯಲ್ಲಿ ಕಣ್ಣಿಗೆ ಕಾಣುವುದು ಲೋಹ. ಕೆಲಸ ಮಾಡುವುದು ಲೋಹವಿಲ್ಲದ ಜಾಗ. 3 ಮಿಲಿಮೀಟರ್ ದಪ್ಪದ ತಂತಿಯಿಂದ 12 ಮಿಲಿಮೀಟರಿನ ಚೌಕ ಕಣ್ಣುಗಳನ್ನು ಹೆಣೆದರೆ ತೆರೆದ ಜಾಗ ನೂರಕ್ಕೆ 64 ಮಾತ್ರ. ಮೂರನೆಯ ಒಂದು ಪಾಲಿಗೂ ಹೆಚ್ಚು ಬಾಯಿ ಆಗಲೇ ಮುಚ್ಚಿತು. ಸೊಗಸಿಗೆಂದು 2 ಮಿಲಿಮೀಟರ್ ತಂತಿಯಲ್ಲಿ 6 ಮಿಲಿಮೀಟರಿನ ಸಣ್ಣ ಕಣ್ಣು ಮಾಡಿದರೆ ಅದು 56ಕ್ಕೆ ಇಳಿಯುತ್ತದೆ. ಅದೇ 3 ಮಿಲಿಮೀಟರ್ ಪಟ್ಟಿಗಳನ್ನು ನೆಟ್ಟಗೆ ಮಾತ್ರ ನಿಲ್ಲಿಸಿ ನಡುವೆ 12 ಮಿಲಿಮೀಟರ್ ಬಿಟ್ಟರೆ 80 ಪಾಲು ತೆರೆದಿರುತ್ತದೆ. ಹಳೆಯ ವಿನ್ಯಾಸಕಾರರು ಪಟ್ಟಿಗಳನ್ನು ಒಲಿದದ್ದು ಬರಿಯ ಅಂದಕ್ಕಾಗಿ ಅಲ್ಲವೆಂದು ಈ ಲೆಕ್ಕದಿಂದ ತೋರುತ್ತದೆ. ಅಡ್ಡವೂ ಉದ್ದವೂ ಹೆಣೆದರೆ ಬಲೆ ಎರಡು ಕಡೆಯಿಂದ ಗಾಳಿಯನ್ನು ಕಸಿಯುತ್ತದೆ.

ತುಮಕೂರಿನಿಂದ ಬಡಗಕ್ಕೆ ಹೊರಟವನಿಗೆ ಈ ಲೆಕ್ಕ ಪುಸ್ತಕದ ಬದನೆಕಾಯಿಯಲ್ಲ. ಶಿರಾ, ಹಿರಿಯೂರುಗಳದು ಮಳೆ ಕಮ್ಮಿಯ ಬಯಲುಸೀಮೆ. ಇಂಗ್ಲೆಂಡಿನ ಹವೆಗಾಗಿ ಮಾಡಿದ ರೇಡಿಯೇಟರಿಗೆ ಅಲ್ಲಿನ ಏಪ್ರಿಲ್ ತಿಂಗಳು ಅಗ್ನಿಪರೀಕ್ಷೆ. ಇದು ಸಾಲದೆಂಬಂತೆ ಸುಗ್ಗಿಯ ಕಾಲದಲ್ಲಿ ನಮ್ಮ ರೈತರು ರಸ್ತೆಯನ್ನೇ ಕಣ ಮಾಡಿ ರಾಗಿ, ಹುರುಳಿಗಳನ್ನು ಹರಡುತ್ತಾರೆ. ಹಾದುಹೋಗುವ ಗಾಡಿಗಳೇ ರೋಣಗಲ್ಲು. ತೆನೆಯ ಹೊಟ್ಟು, ಹುರುಳಿಯ ಬಳ್ಳಿ ಎದ್ದು ಬಂದು ಮುಂಭಾಗಕ್ಕೆ ಅಂಟುತ್ತವೆ. ಕ್ರೀಡಾ ಕಾರಿನ ಹೊಟ್ಟೆಯೋ ನೆಲಕ್ಕೆ ಗೇಣುದ್ದ. ಸಣ್ಣ ಕಣ್ಣಿನ ಜಾಲರಿಯಾದರೆ ಹೊಟ್ಟು ಅದರ ಮೇಲೆಯೇ ಕಂಬಳಿಯಂತೆ ಕೂತು ಗಾಳಿಯನ್ನು ಕಟ್ಟಿಹಾಕುತ್ತದೆ. ದೊಡ್ಡ ಕಣ್ಣಿನದಾದರೆ ಒಳನುಗ್ಗಿ ರೇಡಿಯೇಟರಿನ ರೆಕ್ಕೆಗಳ ನಡುವೆ ಸೇರುತ್ತದೆ. ಆದ್ದರಿಂದ ಹೊರಗೆ ವಿರಳವಾದ ಪಟ್ಟಿಗಳ ಗ್ರಿಲ್ಲು, ಒಳಗೆ ಬೇಕಾದಾಗ ಕೈಯಿಂದ ತೆಗೆದು ಕೊಡವಬಹುದಾದ ತೆಳು ಬಲೆ: ಈ ಜೋಡಿಯೇ ನಮ್ಮ ಸೀಮೆಗೆ ಒಪ್ಪುವುದು. ಹಬ್ಬದ ವಿಚಾರವನ್ನೂ ಮರೆಯಬಾರದು. ಆಯುಧಪೂಜೆಯ ದಿನ ಚೆಂಡುಹೂವಿನ ಹಾರ ಕಟ್ಟಲು ಗ್ರಿಲ್ಲಿನಲ್ಲಿ ಎರಡು ಗಟ್ಟಿ ಪಟ್ಟಿಗಳಾದರೂ ಬೇಡವೆ? 1969ರ ಆ ಒಳಸರಿದ ಜಾಲರಿಯನ್ನು ಮಾಡಿದವರಿಗೆ ಇದು ಹೊಳೆದಿರಲಾರದು.

ಬೇಲೂರಿನ ಚೆನ್ನಕೇಶವ ದೇವಾಲಯವನ್ನು ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠೆ ಮಾಡಿಸಿದಾಗ ನವರಂಗ ತೆರೆದೇ ಇತ್ತು. ಕಲ್ಲಿನ ಜಾಲಂಧ್ರಗಳನ್ನು ಕೂರಿಸಿದ್ದು ತರುವಾಯ, ಇಮ್ಮಡಿ ಬಲ್ಲಾಳನ ಕಾಲದಲ್ಲಿ. ಕಟ್ಟಡಕ್ಕೆ ಆಮೇಲೆ ಸೇರಿಸಿದ ಗ್ರಿಲ್ಲು ಅದು! ಆದರೆ ಆ ರೂವಾರಿಗಳು ಇದ್ದ ಕಂಬವನ್ನು ಕಡಿಯಲಿಲ್ಲ. ಕಂಬ ಕಂಬಗಳ ನಡುವಣ ಬರಿದನ್ನು ತುಂಬಿದರು. ಗ್ರಿಲ್ಲು ತೊಡಿಸುವ ಮೋಟಾರು ರಸಿಕರು ಬೇಲೂರಿಗೆ ಹೋಗಿ ಬರುವುದು ಒಳ್ಳೆಯದು.

ಏಕೆಂದರೆ ಈಗ ಕಾನೂನೂ ಅದನ್ನೇ ಕೇಳುತ್ತದೆ. 2021ರಲ್ಲಿ ಕೇಂದ್ರ ಸರ್ಕಾರ ಮಾಡಿದ ನಿಯಮದಂತೆ 50 ವರ್ಷ ಮೀರಿದ ಕಾರನ್ನು 'ವಿಂಟೇಜ್' ವಾಹನವಾಗಿ 'ವಿ.ಎ.' ಅಕ್ಷರಗಳ ಪ್ರತ್ಯೇಕ ಸಾಲಿನಲ್ಲಿ ನೋಂದಾಯಿಸಬಹುದು. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಷರತ್ತು ಒಂದು: ವಾಹನ ಮೂಲರೂಪದಲ್ಲಿರಬೇಕು, ಚಾಸಿಯಲ್ಲಾಗಲಿ, ದೇಹದ ಕವಚದಲ್ಲಾಗಲಿ, ಎಂಜಿನ್ನಿನಲ್ಲಾಗಲಿ ಮಾರ್ಪಾಟಾಗಿರಬಾರದು. 1962ರ ಕಾರಿಗೆ ಈ ಗೌರವ ಈಗಲೇ ಉಂಟು. 1980ರದು 2030ರವರೆಗೆ ಕಾಯಬೇಕು. ಹಳೆಯ ಸ್ಕ್ರೂಗಳ ತೂತುಗಳಿಗೇ ಹೊಂದಿಕೊಂಡು ಕೂತ ಗ್ರಿಲ್ಲನ್ನು ಒಂದು ಗಳಿಗೆಯಲ್ಲಿ ಬಿಚ್ಚಿಡಬಹುದು. ಅದಕ್ಕಾಗಿ ಮೂತಿಯ ತಗಡನ್ನೇ ಕತ್ತರಿಸಿದರೆ, 60 ವರ್ಷ ಉಳಿದುಬಂದದ್ದನ್ನು ಒಂದು ಮಧ್ಯಾಹ್ನದಲ್ಲಿ ಕಳೆದಂತೆ. ಮುಖವನ್ನು ಬದಲಾಯಿಸುವ ಹಕ್ಕು ಒಡೆಯನಿಗಿಲ್ಲವೆ ಎಂದು ಕೇಳುವವರುಂಟು. ಇದೆ, ಆದರೆ ಇಂಥ ಕಾರಿನ ಒಡೆಯ ಅದರ ಮೊದಲನೆಯವನೂ ಅಲ್ಲ, ಕಡೆಯವನೂ ಅಲ್ಲ. ಶ್ರೀರಂಗಪಟ್ಟಣದ ಬಳಿಯ 'ಪಯಣ' ಸಂಗ್ರಹಾಲಯದಲ್ಲಿ ಹಳೆಯ ಕಾರುಗಳ ಸಾಲಿನ ಮುಂದೆ ನಿಂತವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ.

ಕೆಲಸದ ಕ್ರಮ ನಿಧಾನದ್ದು. ಮೊದಲು ಬಾಯಿಯ ಅಳತೆಗೆ ರಟ್ಟನ್ನು ಕತ್ತರಿಸಿ ಇಟ್ಟು ನೋಡಬೇಕು. ಕೈಯಿಂದ ತಟ್ಟಿ ತಿದ್ದಿದ ಹಳೆಯ ಮೈಯಲ್ಲಿ ಎಡ ಬಲಗಳು ಸಮನಾಗಿರುವುದು ಅಪರೂಪ. ಒಂದು ಬದಿಯ ಅಳತೆಯನ್ನು ಇನ್ನೊಂದಕ್ಕೆ ನಂಬುವಂತಿಲ್ಲ. ರಟ್ಟಿನಂತೆ ಸರಳನ್ನು ಬಗ್ಗಿಸಿ ಚೌಕಟ್ಟು ಮಾಡಿ, ಪಟ್ಟಿಗಳನ್ನು ಬರಿಯ ಚುಕ್ಕೆ ಬೆಸುಗೆಯಲ್ಲಿ ನಿಲ್ಲಿಸಿ, ಕಾರಿಗೆ ಹಿಡಿದು, ಹತ್ತು ಹೆಜ್ಜೆ ಹಿಂದೆ ಸರಿದು ನೋಡಬೇಕು. ಬಾನೆಟ್ಟಿನ ಚಿಲಕಕ್ಕೆ ತಾಗುತ್ತದೆಯೇ ಎಂದು ಪರೀಕ್ಷಿಸಬೇಕು. ಪೂರ್ತಿ ಬೆಸುಗೆ ಆಮೇಲೆ. ಸ್ಟೇನ್‌ಲೆಸ್ ಉಕ್ಕು ತುಕ್ಕು ಹಿಡಿಯದು, ಆದರೆ ಬೆಸುಗೆಯ ಕಡೆ ನೀಲಿಗಟ್ಟುತ್ತದೆ. ಉಜ್ಜಿ ಹೊಳಪು ಕೊಡಬೇಕು. ಸತುವಿನ ಲೇಪದ ತಂತಿ ಅಗ್ಗ, ಬೆಸೆದರೆ ಏಳುವ ಬಿಳಿಯ ಹೊಗೆಯಿಂದ ಮೇಸ್ತ್ರಿಗೆ ರಾತ್ರಿ ಚಳಿಜ್ವರ, ಅದು ಬೇಡ. ಲೋಹ ಲೋಹಕ್ಕೆ ತಾಗುವೆಡೆಯಲ್ಲಿ ರಬ್ಬರಿನ ಬಿಲ್ಲೆ ಇಡಬೇಕು, ಇಲ್ಲವಾದರೆ ದಾರಿಯುದ್ದಕ್ಕೂ ಗಿಲಕಿಯ ಸದ್ದು. ಗ್ರಿಲ್ಲಿನ ಹಿಂದಣ ಭಾಗಗಳಿಗೆ ಮಂದವಾದ ಕಪ್ಪು ಬಣ್ಣ ಬಳಿದರೆ ಪಟ್ಟಿಗಳು ಎದ್ದು ಕಾಣುತ್ತವೆ.

ಎಲ್ಲ ಮುಗಿದ ಮೇಲೆ ಶಿರಾ ರಸ್ತೆಯಲ್ಲಿ ನಡುಹಗಲು ಇಪ್ಪತ್ತು ಮೈಲಿ ಓಡಿಸಿ, ತಾಪದ ಮುಳ್ಳು ಎಲ್ಲಿ ನಿಲ್ಲುವುದೆಂದು ನೋಡಬೇಕು. ಹಳೆಯ ಗ್ರಿಲ್ಲಿನೊಡನೆ ನಿಲ್ಲುತ್ತಿದ್ದ ಜಾಗವನ್ನು ಮುಂಚೆಯೇ ಬರೆದಿಟ್ಟುಕೊಂಡಿದ್ದರೆ ಹೋಲಿಕೆ ಸುಲಭ. ಮೂಲದ ಆ ಗ್ರಿಲ್ಲನ್ನು ಎಣ್ಣೆ ಒರೆಸಿದ ಬಟ್ಟೆಯಲ್ಲಿ ಸುತ್ತಿ, ಅದರ ಸ್ಕ್ರೂಗಳನ್ನು ಒಂದು ಡಬ್ಬಿಯಲ್ಲಿ ಹಾಕಿ, ಎರಡನ್ನೂ ಮನೆಯ ಅಟ್ಟದ ಮೇಲೆ ಇಡತಕ್ಕದ್ದು.