ಒಂದು ಮನೆಗೆ ಎಷ್ಟು ಐಪಿ ವಿಳಾಸ ಬೇಕು?

ನೀವಿರುವುದು ನಾಸಿಕ್‌ನಲ್ಲಿ, ಅಪ್ಪ ಅಮ್ಮ ಇರುವುದು ಛತ್ರಪತಿ ಸಂಭಾಜಿನಗರದಲ್ಲಿ ಎನ್ನಿ. ಅದೇ, 2023ರಲ್ಲಿ ಹೆಸರು ಬದಲಾದ ಔರಂಗಾಬಾದ್. ಅಲ್ಲಿನ ಬಾಗಿಲ ಕ್ಯಾಮೆರಾವನ್ನೂ ಕಂಪ್ಯೂಟರನ್ನೂ ಇಲ್ಲಿಂದಲೇ ನೋಡಲು ಆ ಮನೆಗೊಂದು ಬದಲಾಗದ ವಿಳಾಸ, ಅಂದರೆ ಸ್ಟ್ಯಾಟಿಕ್ ಐಪಿ, ಇದ್ದರೆ ಸುಲಭ. ಎರಡಕ್ಕೂ ಬೇರೆ ಬೇರೆ ಬೇಕೇ? ಬೇಡ. 8001ನೇ ಪೋರ್ಟ್‌ಗೆ ಬಂದದ್ದನ್ನು ಕ್ಯಾಮೆರಾಗೆ, 8002ಕ್ಕೆ ಬಂದದ್ದನ್ನು ಕಂಪ್ಯೂಟರಿಗೆ ಕಳಿಸುವಂತೆ ರೂಟರಿಗೆ ಹೇಳಿಕೊಡಬಹುದು. ವಠಾರಕ್ಕೆ ಬಾಗಿಲು ಒಂದೇ, ಒಳಗೆ ಮನೆ ನಂಬರು ಬೇರೆ!

ಎರಡು ಸರ್ವರುಗಳಿಗೂ 443ನೇ ಪೋರ್ಟೇ ಬೇಕೆಂಬಂಥ ಸಂದರ್ಭಕ್ಕೆ ಹೆಚ್ಚಿನ ವಿಳಾಸ. ಎಂಟರ ಗುಂಪು ಕೊಂಡರೂ ಸಾಮಾನ್ಯವಾಗಿ ಬಳಕೆಗೆ ಸಿಗುವುದು ಐದೇ. ಮೊದಲನೆಯದೂ ಕೊನೆಯದೂ ಜಾಲಕ್ಕೇ ಮೀಸಲು, ಇನ್ನೊಂದು ಗೇಟ್‌ವೇಗೆ. ಮನೆಬಳಕೆಯ ಎಷ್ಟೋ ರೂಟರುಗಳಿಗೆ ಇಷ್ಟನ್ನು ನಿಭಾಯಿಸಲು ಬರುವುದೂ ಇಲ್ಲ. ದುಡ್ಡು ಕಟ್ಟುವ ಮೊದಲೇ ವಿಚಾರಿಸಿ.

ಕ್ಯಾಮೆರಾದ ಜೊತೆ ಬಂದ ಪಾಸ್‌ವರ್ಡನ್ನು ಮಾತ್ರ ಇವತ್ತೇ ಬದಲಿಸಿ. 2016ರಲ್ಲಿ ಮಿರಾಯ್ ವೈರಸ್ ನುಗ್ಗಿದ್ದು ಅದನ್ನು ಬದಲಿಸದ ಕ್ಯಾಮೆರಾ, ರೂಟರುಗಳಿಗೇ.