ಬೆಂಕಿಯಿಲ್ಲದ ಬೆಚ್ಚನೆಯ ಗೂಡು

ದೆಹಲಿಯಲ್ಲಿ ಜನವರಿಯ ರಾತ್ರಿಗಳಂದು ಉಷ್ಣತೆಯು 5 ಡಿಗ್ರಿ ಸೆಲ್ಸಿಯಸ್ಸಿಗಿಂತಲೂ ಕೆಳಗಿಳಿಯುವುದುಂಟು. ಮುಚ್ಚಿದ ಕೋಣೆಯಲ್ಲಿ ಅಂಗೀಠಿ ಹೊತ್ತಿಸಿ ಮಲಗಿದವರು ಬೆಳಗಾಗುವುದರೊಳಗೆ ಅಸುನೀಗಿದ ವರದಿಗಳು ಚಳಿಗಾಲದ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತವೆ. ಇದ್ದಿಲಿನಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವನಿಗೆ ಎಚ್ಚರಿಕೆಯೇ ದೊರೆಯುವುದಿಲ್ಲ. ಕಾವಲುಗಾರನಂತಹ ಒಂಟಿ ವ್ಯಕ್ತಿಯೊಬ್ಬನು ಬೆಂಕಿಯ ಹಂಗಿಲ್ಲದೆ ಬೆಚ್ಚಗೆ ಮಲಗುವುದು ಸಾಧ್ಯವೆ?

ನಿದ್ರಿಸುವ ದೇಹವು ತಾನೇ ಸುಮಾರು 75 ವ್ಯಾಟ್ ಶಾಖವನ್ನು ಹೊರಸೂಸುತ್ತದೆ. ಈ ಜಮೆಯು ಸೋರಿಹೋಗದಂತೆ ತಡೆದರೆ ಕೆಲಸವಾಯಿತು. ಥರ್ಮೋಕೋಲಿನ ಗಾತ್ರದ ಬಹುಪಾಲು ನಿಶ್ಚಲವಾದ ಗಾಳಿಯೇ ಆಗಿರುವುದರಿಂದ ಅದು ಶಾಖವನ್ನು ಸುಲಭವಾಗಿ ದಾಟಗೊಡದು. ಇಂತಹ ಉಷ್ಣನಿರೋಧಕ ಹಲಗೆಗಳಿಂದಲೇ ಕಟ್ಟಬಹುದಾದ ಹೆಕ್ಸಯರ್ಟ್ ಎಂಬ ಆರು ಮೂಲೆಯ ಆಶ್ರಯವನ್ನು ವಿನಯ್ ಗುಪ್ತಾ ಎಂಬುವರು 2002ರಲ್ಲಿ ರೂಪಿಸಿದರು. ಒಬ್ಬನಿಗಾದರೆ ಅಷ್ಟು ದೊಡ್ಡದು ಬೇಡ.

7 ಅಡಿ ಉದ್ದ, 3 ಅಡಿ ಅಗಲ, 3 ಅಡಿ ಎತ್ತರದ ಪೆಟ್ಟಿಗೆಯೊಂದು ಸಾಕು. 8 ಅಡಿಗೆ 4 ಅಡಿಯ, 2 ಅಂಗುಲ ದಪ್ಪದ ಐದು ಹಲಗೆಗಳಲ್ಲಿ ಇದು ಮುಗಿಯುತ್ತದೆ. ಜೋಡಿಸಲು ಬಿಳಿಯ ಫೆವಿಕಾಲ್ ಬಳಸಬೇಕು. ರಬ್ಬರ್ ಅಂಟಿನಲ್ಲಿರುವ ದ್ರಾವಕವು ಥರ್ಮೋಕೋಲನ್ನೇ ಕರಗಿಸಿಬಿಡುತ್ತದೆ. ಹೊರಮೈಗೆ ಹಳೆಯ ಹತ್ತಿಬಟ್ಟೆಯನ್ನು ಅದೇ ಅಂಟಿನಿಂದ ಹೊದಿಸಿ ಬಣ್ಣ ಬಳಿದರೆ ಬಿಸಿಲಿಗೆ ಪುಡಿಯಾಗುವುದಿಲ್ಲ. ನೆಲದ ಹಲಗೆಯ ಮೇಲೆ ಪ್ಲೈವುಡ್ ಹಾಸಿ, ಇಡೀ ಗೂಡನ್ನು ಇಟ್ಟಿಗೆಗಳ ಮೇಲೆ ಕೂರಿಸುವುದು ಮೇಲು.

ಇನ್ನು ಲೆಕ್ಕ. ಗಾಳಿಯಾಡದಂತೆ ಮುಚ್ಚಿದರೆ ಒಳಗಿನ ಉಷ್ಣತೆ ಹೊರಗಿಗಿಂತ 12 ಡಿಗ್ರಿಯವರೆಗೆ ಏರಬಹುದು. ಆದರೆ ಆ ಲಾಭಕ್ಕೆ ಯಾರೂ ಆಸೆಪಡಬಾರದು! ಗೂಡಿನಲ್ಲಿ ಹಿಡಿಸುವ ಗಾಳಿ ಸುಮಾರು 1,800 ಲೀಟರ್ ಮಾತ್ರ. ಮಲಗಿದವನು ಗಂಟೆಗೆ ಹತ್ತು ಹನ್ನೆರಡು ಲೀಟರ್ ಇಂಗಾಲದ ಡೈಆಕ್ಸೈಡನ್ನು ಉಸಿರಿನಲ್ಲಿ ಹೊರಬಿಡುತ್ತಾನೆ. ಹೊರಗಿನ ಗಾಳಿಯಲ್ಲಿ ನೂರಕ್ಕೆ 0.04ರಷ್ಟಿರುವ ಈ ಅನಿಲವು ಎರಡು ಗಂಟೆಯೊಳಗೆ ನೂರಕ್ಕೆ 1ನ್ನು ಮುಟ್ಟುತ್ತದೆ. ಮುಂದೆ ತಲೆನೋವು, ಉಬ್ಬಸ, ಕೊನೆಗೆ ಪ್ರಾಣಾಪಾಯ. ಆದುದರಿಂದ ಕಾಲಿನ ಕಡೆ ಕೆಳಗೊಂದು, ತಲೆಯ ಕಡೆ ಮೇಲೊಂದು, ನಾಲ್ಕಂಗುಲ ಚೌಕದ ಕಿಂಡಿಗಳನ್ನು ಕೊರೆದು ಸೊಳ್ಳೆಬಲೆ ಬಿಗಿಯತಕ್ಕದ್ದು. ಉಸಿರಿನ ತೇವವೂ ಅಲ್ಲಿಂದಲೇ ಹೊರಹೋಗುತ್ತದೆ. ಆಗ ಸುಮಾರು ಅರ್ಧದಷ್ಟು, ಎಂದರೆ ಆರು ಡಿಗ್ರಿಯ ಲಾಭ ಉಳಿದೀತು. ಗಾಳಿಯ ಹೊಡೆತವೂ ಇಬ್ಬನಿಯೂ ತಪ್ಪಿರುವಲ್ಲಿ ಒಂದು ರಜಾಯಿಯೊಡನೆ ಇದು ಸಾಲದೆ ಇರದು.

ಥರ್ಮೋಕೋಲ್ ನೂರು ಡಿಗ್ರಿಯ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ಹೊತ್ತಿಕೊಂಡರೆ ದಟ್ಟವಾದ ಕಪ್ಪು ವಿಷಹೊಗೆಯನ್ನು ಕಾರುತ್ತದೆ. ಬೀಡಿ, ಮೇಣದಬತ್ತಿ, ಸೊಳ್ಳೆಬತ್ತಿ ಯಾವುದೂ ಒಳಗೆ ಸಲ್ಲದು. ಅಂಗೀಠಿಯನ್ನು ಪಕ್ಕದಲ್ಲಿಯೂ ಇಡಕೂಡದು. ಕಾಲಿನ ಕಡೆಯ ಹಲಗೆಯೇ ಬಾಗಿಲು. ಅದಕ್ಕೆ ಚಿಲಕ ಬೇಡ, ಒಳಗಿನಿಂದ ಒದ್ದರೆ ಕಳಚಿ ಬೀಳುವಂತೆ ಬಟ್ಟೆಯ ಪಟ್ಟಿಯಿಂದ ಸಡಿಲವಾಗಿ ಸಿಕ್ಕಿಸಿದ್ದರೆ ಸಾಕು.