ಹಳೆಯ ಪಟದ ಚೌಕಟ್ಟು: ವಯಸ್ಸು ಹೇಳುವುದು ಹೇಗೆ?

ಹಳೆಯ ಮನೆಗಳ ಪಡಸಾಲೆಯಲ್ಲಿ, ದೇವರ ಕೋಣೆಯಲ್ಲಿ ಕಟ್ಟು ಹಾಕಿಸಿದ ಪಟಗಳನ್ನು ನೀವು ನೋಡಿರುತ್ತೀರಿ. ರವಿವರ್ಮನ ಲಕ್ಷ್ಮಿ, ಸರಸ್ವತಿಯರು, ಮನೆಯ ಹಿರಿಯರ ಛಾಯಾಚಿತ್ರಗಳು, ಸುತ್ತ ಕಪ್ಪಗಾದ ಮರದ ಚೌಕಟ್ಟು. 'ಇದು ನೂರೈವತ್ತು ವರ್ಷ ಹಳೆಯದು' ಎಂದು ಮನೆಯವರು ಹೇಳುತ್ತಾರೆ. ಹಳೆಯ ಸಾಮಾನು ಮಾರುವವರು ಇನ್ನೂರು ವರ್ಷವೆಂದು ಹೇಳಿ ಅದಕ್ಕೆ ತಕ್ಕ ಬೆಲೆ ಕೇಳುವುದೂ ಉಂಟು. ಈ ಮಾತುಗಳನ್ನು ಪರೀಕ್ಷಿಸಬಹುದೆ? ಬಹುಮಟ್ಟಿಗೆ ಸಾಧ್ಯ. ಅದಕ್ಕೆ ಒಂದು ಭೂತಗನ್ನಡಿ, ಒಂದು ಟಾರ್ಚು ಹಾಗೂ ಒಂದಿಷ್ಟು ತಾಳ್ಮೆ ಸಾಕು.

ಮೂಲ ನಿಯಮ

ಚಿತ್ರ, ಚೌಕಟ್ಟು ಮತ್ತು ಚೌಕಟ್ಟಿನ ಮರ, ಈ ಮೂರರ ವಯಸ್ಸೂ ಬೇರೆ ಬೇರೆ ಇರಬಹುದು. ರವಿವರ್ಮನ ಮುದ್ರಣಾಲಯ ಮುಂಬಯಿಯಲ್ಲಿ ಆರಂಭವಾದದ್ದು 1894ರಲ್ಲಿ. ಆದ್ದರಿಂದ ಅಲ್ಲಿ ಅಚ್ಚಾದ ಪಟ ಅದಕ್ಕಿಂತ ಹಳೆಯದಾಗಿರಲಾರದು. ಆದರೆ ಅದರ ಕಟ್ಟು ಇನ್ನೊಂದು ಪಟಕ್ಕೆಂದು ಮೊದಲೇ ಮಾಡಿದ್ದಿರಬಹುದು, ಇಲ್ಲವೆ ನಂತರ ಹಾಕಿಸಿದ್ದಿರಬಹುದು.

ಕಾಲನಿರ್ಣಯದಲ್ಲಿ ಒಂದು ನಿಯಮ ಸದಾ ನೆನಪಿರಲಿ: ಯಾವುದೇ ವಸ್ತು ತನ್ನ ಮೂಲ ಭಾಗಗಳ ಪೈಕಿ ಅತ್ಯಂತ ಹೊಸದಾದುದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಹಳೆಯ ಲಕ್ಷಣವೊಂದು ಕಂಡರೆ ಅದು ವಯಸ್ಸಿಗೆ ಸಾಕ್ಷಿಯಾಗದು. ಹಳೆಯ ವಿಧಾನಗಳು ಬಹುಕಾಲ ಉಳಿದುಬರುತ್ತವೆ. ಹೊಸ ಲಕ್ಷಣವೊಂದು ಕಂಡರೆ, ಮತ್ತು ಅದು ರಿಪೇರಿಯಲ್ಲಿ ಸೇರಿದ್ದಲ್ಲವೆಂದು ಖಚಿತವಾದರೆ, ಅದರಿಂದ ತೀರ್ಮಾನಕ್ಕೆ ಬರಬಹುದು.

ಪಟವನ್ನು ತಿರುಗಿಸಿ ನೋಡಿ

ಮುಂಭಾಗವನ್ನು ಒರೆಸಿ, ಪಾಲಿಶ್ ಮಾಡಿ ಬದಲಿಸಿರುತ್ತಾರೆ. ಹಿಂಭಾಗವನ್ನು ಯಾರೂ ಮುಟ್ಟಿರುವುದಿಲ್ಲ. ಕಟ್ಟು ಹಾಕಿದ ಅಂಗಡಿಯ ಚೀಟಿ ಅಲ್ಲಿ ಉಳಿದಿದ್ದರೆ ವಿಳಾಸವನ್ನು ಗಮನಿಸಿ. ಆರು ಅಂಕಿಗಳ ಪಿನ್‌ಕೋಡ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. 'ಮೈಸೂರು ರಾಜ್ಯ' ಎಂಬ ಹೆಸರು 'ಕರ್ನಾಟಕ'ವಾದದ್ದು 1973ರ ನವೆಂಬರ್ 1ರಂದು. ಬೆಲೆಯನ್ನು ಆಣೆಗಳಲ್ಲಿ ಬರೆದಿದ್ದರೆ ಅದು ಬಹುಶಃ 1957ರಲ್ಲಿ ದಶಮಾಂಶ ನಾಣ್ಯಗಳು ಬರುವುದಕ್ಕೆ ಮೊದಲಿನದು. ಬೆನ್ನಿಗೆ ಅಂಟಿಸಿದ ವೃತ್ತಪತ್ರಿಕೆಯಲ್ಲಿ ದಿನಾಂಕವೇ ಸಿಗಬಹುದು. ಆದರೆ ಅದು ಕಾಗದ ಅಂಟಿಸಿದ ಕಾಲವನ್ನು ಸೂಚಿಸುತ್ತದೆಯೇ ಹೊರತು ಚೌಕಟ್ಟು ಮಾಡಿದ ಕಾಲವನ್ನಲ್ಲ.

ಬೆನ್ನಿನ ಹಲಗೆ ಯಾವುದು? ಮರದ ನಾರನ್ನು ಒತ್ತಿ ಮಾಡುವ ಹಾರ್ಡ್‌ಬೋರ್ಡನ್ನು ಅಮೆರಿಕದ ವಿಲಿಯಂ ಮೇಸನ್ ರೂಪಿಸಿದ್ದು 1924ರಲ್ಲಿ. 'ಇನ್ನೂರು ವರ್ಷ'ದ ಪಟದ ಬೆನ್ನಿಗೆ ಅದಿದ್ದರೆ ಹಲಗೆ ಬದಲಾಗಿರಬೇಕು, ಇಲ್ಲವೆ ಮಾತು ಸುಳ್ಳಿರಬೇಕು.

ಮೊಳೆ, ತಿರುಪು, ಗರಗಸ

ಕಮ್ಮಾರ ಬಡಿದು ಮಾಡಿದ ಮೊಳೆ ಚೌಕವಾಗಿದ್ದು, ತುದಿಯತ್ತ ಸಣ್ಣದಾಗುತ್ತದೆ, ತಲೆ ಅಂಕುಡೊಂಕಾಗಿರುತ್ತದೆ. ತಂತಿಯಿಂದ ಯಂತ್ರದಲ್ಲಿ ಮಾಡಿದ ದುಂಡು ಮೊಳೆ ವ್ಯಾಪಕವಾಗಿ ಬಳಕೆಗೆ ಬಂದದ್ದು 19ನೆಯ ಶತಮಾನದ ಕೊನೆಯಲ್ಲಿ. ತಲೆಯ ಮೇಲೆ ಕೂಡಿಸುವ ಚಿಹ್ನೆಯಂಥ ಗಾಡಿ ಇರುವ ತಿರುಪು ಮೊಳೆ 1930ರ ದಶಕದ್ದು.

ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ಮರದ ಹಿಂಬದಿಯನ್ನು ನೋಡಿ. ಕೈಗರಗಸದ ಗೆರೆಗಳು ನೇರವಾಗಿ, ಅಂತರ ಹೆಚ್ಚುಕಡಿಮೆಯಾಗಿ ಇರುತ್ತವೆ. ಕಮಾನಿನಂತೆ ಬಾಗಿದ ಗೆರೆಗಳಿದ್ದರೆ ಅದು ಯಂತ್ರದ ಚಕ್ರಗರಗಸದ ಕೆಲಸ.

ಮರ ಹೇಳುವ ಮಾತು

ಮರ ಒಣಗಿದಾಗ ಅಗಲದಲ್ಲಿ ಕುಗ್ಗುತ್ತದೆ, ಉದ್ದದಲ್ಲಿ ಬಹುಪಾಲು ಕುಗ್ಗುವುದಿಲ್ಲ. ಹೀಗಾಗಿ 45 ಡಿಗ್ರಿಯಲ್ಲಿ ಕೂಡಿಸಿದ ಮೂಲೆಗಳಲ್ಲಿ ಒಳತುದಿಯ ಕಡೆ ಸಂದು ಬಿಡುತ್ತದೆ. ಆ ಸಂದಿನಲ್ಲಿ ಹಳೆಯ ಧೂಳು ತುಂಬಿರುವುದು ಸಹಜ.

ಗಾಳಿ, ಬೆಳಕುಗಳಿಂದ ಮರ ನಿಧಾನವಾಗಿ ಬಣ್ಣ ಬದಲಿಸುತ್ತದೆ. ಗಾಜಿನ ಅಂಚಿನಡಿ ಮರೆಯಾಗಿದ್ದ ಭಾಗದ ಬಣ್ಣ ಬೇರೆ ಇರಬೇಕು. ಎಲ್ಲ ಕಡೆಯೂ, ಮೊಳೆಯ ತೂತಿನೊಳಗೂ, ಒಂದೇ ಕಪ್ಪಿದ್ದರೆ ಅದು ಬಳಿದ ಬಣ್ಣ.

ಕುಟ್ಟೆ ಹುಳುವಿನ ತೂತುಗಳನ್ನೂ ನೋಡಿ. ಹುಳು ಮರದೊಳಗೆ ಅಂಕುಡೊಂಕಾಗಿ ಕೊರೆದು, ಕೊನೆಗೆ ಸಣ್ಣ ದುಂಡು ತೂತು ಮಾಡಿ ಹೊರಬರುತ್ತದೆ. ಮೇಲ್ಮೈಯಲ್ಲಿ ತೂತಿನ ಬದಲು ಉದ್ದುದ್ದ ಕಾಲುವೆಗಳು ಕಂಡರೆ, ಹುಳು ತಿಂದಾದ ಮೇಲೆ ಆ ಮರವನ್ನು ಕೊಯ್ದಿದ್ದಾರೆ ಎಂದರ್ಥ. ಹಳೆಯ ಬಾಗಿಲೋ ತೊಲೆಯೋ ಹೊಸ ಚೌಕಟ್ಟಾಗಿರಬಹುದು.

ಚಿನ್ನ ಮತ್ತು ಗಾಜು

ಹೊಳೆಯುವುದೆಲ್ಲ ಚಿನ್ನವಲ್ಲ. ಚಿನ್ನದ ರೇಕು ಕಪ್ಪಾಗುವುದಿಲ್ಲ. ಒಂದು ರೇಕು ಇನ್ನೊಂದರ ಮೇಲೆ ಬಂದ ಕಡೆ ಸುಮಾರು 8 ಸೆಂಟಿಮೀಟರಿಗೊಂದು ಸಣ್ಣ ಗೆರೆ ಕಾಣುವುದುಂಟು. ಹಿತ್ತಾಳೆ ಪುಡಿಯ ಬಣ್ಣ ಕಾಲಕ್ರಮೇಣ ಕಂದಾಗುತ್ತದೆ.

ಗಾಜಿನಲ್ಲಿ ಟ್ಯೂಬ್‌ಲೈಟಿನ ಪ್ರತಿಬಿಂಬ ನೋಡಿ. ಅದು ನೆಟ್ಟಗಿದ್ದರೆ, ಬ್ರಿಟನ್ನಿನ ಪಿಲ್ಕಿಂಗ್‌ಟನ್ ಸಂಸ್ಥೆ 1959ರಲ್ಲಿ ಪ್ರಕಟಿಸಿದ, ಕರಗಿದ ತವರದ ಮೇಲೆ ತೇಲಿಸಿ ಮಾಡುವ ವಿಧಾನದ ಗಾಜು ಇರಬಹುದು. ಅಲೆಅಲೆಯಾಗಿದ್ದರೆ ಹಳೆಯ ವಿಧಾನದ್ದು. ಆದರೆ ಗಾಜು ಒಡೆಯುವ ವಸ್ತು, ಸುಲಭವಾಗಿ ಬದಲಾಗುತ್ತದೆ; ಅದೊಂದನ್ನೇ ನಂಬಬೇಡಿ.

ನೋಟು ಪರೀಕ್ಷಿಸುವ ಅತಿನೇರಳೆ ದೀಪವಿದ್ದರೆ ಕತ್ತಲಲ್ಲಿ ಚೌಕಟ್ಟಿನ ಮೇಲೆ ಬೆಳಗಿಸಿ. ಅರಗಿನ ಪಾಲಿಶ್ ಕಿತ್ತಳೆ ಬಣ್ಣದಲ್ಲಿ ಹೊಳೆಯುತ್ತದೆ. ನಡುನಡುವೆ ಬೇರೆ ತೆರನಾದ ತೇಪೆ ಕಂಡರೆ ಅಲ್ಲಿ ರಿಪೇರಿ ಆಗಿದೆ.

ಪ್ರಯೋಗಾಲಯದ ಮಿತಿ

'ಕಾರ್ಬನ್-14 ಪರೀಕ್ಷೆ ಮಾಡಿಸಬಾರದೆ?' ಎಂದು ನೀವು ಕೇಳಬಹುದು. ವಾತಾವರಣದ ಕಾರ್ಬನ್-14 ಪ್ರಮಾಣ ಏರಿಳಿದಿರುವುದರಿಂದ ಸುಮಾರು 1650ರಿಂದ 1950ರವರೆಗಿನ ಮರದ ಕಾಲವನ್ನು ಈ ವಿಧಾನ ಸ್ಪಷ್ಟವಾಗಿ ಬಿಡಿಸಿ ಹೇಳಲಾರದು. ಆದರೆ ಹೊಸ ಮರವನ್ನು ಅದು ಹಿಡಿದುಕೊಡುತ್ತದೆ. ಪರಮಾಣು ಬಾಂಬ್ ಪರೀಕ್ಷೆಗಳಿಂದ 1960ರ ದಶಕದ ಮೊದಲ ಭಾಗದಲ್ಲಿ ಗಾಳಿಯ ಕಾರ್ಬನ್-14 ಹೆಚ್ಚುಕಡಿಮೆ ಇಮ್ಮಡಿಯಾಯಿತು; ಅನಂತರ ಬೆಳೆದ ಮರದಲ್ಲಿ ಆ ಗುರುತಿದೆ. ತೇಗದಲ್ಲಿ ವಾರ್ಷಿಕ ಉಂಗುರಗಳು ಸ್ಪಷ್ಟವಾಗಿರುತ್ತವೆ, ನಿಜ. ಆದರೆ ತೆಳು ಪಟ್ಟಿಯಲ್ಲಿ ಸಿಗುವ ಕೆಲವೇ ಉಂಗುರಗಳು ಹೋಲಿಕೆಗೆ ಸಾಲುವುದಿಲ್ಲ. ಈ ಎರಡೂ ವಿಧಾನಗಳು ತಿಳಿಸುವುದು ಮರ ಬೆಳೆದ ಕಾಲವನ್ನು, ಚೌಕಟ್ಟು ಮಾಡಿದ ಕಾಲವನ್ನಲ್ಲ.

ಸಾಕ್ಷ್ಯ ಉಳಿಸಿ

ಪಟಕ್ಕೆ ಹೊಸ ಕಟ್ಟು ಹಾಕಿಸುವಾಗ ಹಳೆಯ ಮೊಳೆ, ಚೀಟಿ, ಬೆನ್ನಿನ ಹಲಗೆಗಳು ಕಸದ ಬುಟ್ಟಿ ಸೇರುತ್ತವೆ. ಅವುಗಳ ಜೊತೆಗೆ ಪಟದ ಚರಿತ್ರೆಯೂ ಹೋಗುತ್ತದೆ. ಮನೆಯ ಹಿರಿಯರ ಚಿತ್ರವಾದರೆ ಹಿಂದೆ ಪೆನ್ಸಿಲಿನಲ್ಲಿ ಬರೆದ ಹೆಸರೂ ಹೋಗಬಹುದು. ಆದ್ದರಿಂದ ಬಿಚ್ಚುವ ಮೊದಲು ಹಿಂದು ಮುಂದು ಎರಡೂ ಕಡೆ ಫೋಟೊ ತೆಗೆಯಿರಿ. ಕಳಚಿದ ಚೂರುಗಳನ್ನು ಲಕೋಟೆಯಲ್ಲಿಟ್ಟು ಮೇಲೆ ದಿನಾಂಕ ಬರೆಯಿರಿ. ಮರವನ್ನು ಉಪ್ಪುಕಾಗದದಿಂದ ಉಜ್ಜಬೇಡಿ, ಚಿನ್ನದ ಕೆಲಸವನ್ನು ಒದ್ದೆ ಬಟ್ಟೆಯಿಂದ ಒರೆಸಬೇಡಿ. ಕೊಳ್ಳಲು ಹೊರಟಿದ್ದರೆ, ದುಡ್ಡು ಕೊಡುವ ಮೊದಲು ಪಟವನ್ನೊಮ್ಮೆ ತಿರುಗಿಸಿ ನೋಡಿ.